ಅಂಡಮಾನಿಗೆ ಹೊರಟ ಇಬ್ಬರಿಗೆ

ಮಕ್ಕಳೇ, ಹೋಗಿ ಬನ್ನಿ. ಇಬ್ಬರೇ ಅಷ್ಟು ದೂರ ಯಾಕೆ, ಸಮುದ್ರದ ನಡುವೆ ಏನಾದರೂ ಆದರೆ ಯಾರು ದಿಕ್ಕು ಎಂದು ಮನೆಯಲ್ಲಿ ಈಗಾಗಲೇ ಸಾಕಷ್ಟು ಮಾತಾಗಿರುತ್ತದೆ. ಅದಕ್ಕೆ ನನ್ನದೂ ಒಂದು ಸೇರಿಸುವುದಿಲ್ಲ. ಬೆನ್ನಿಗೊಂದು ಚೀಲ ಏರಿಸಿ, ನಂಬಿಕೆಯ ಸ್ನೇಹಿತರೊಬ್ಬರ ಜೊತೆ ಕಾಡು ಕಡಲು ಸುತ್ತುವುದಕ್ಕೆ ಇದೇ ವಯಸ್ಸು. ನಮ್ಮ ಅಜ್ಜಂದಿರ ಕಾಲದಲ್ಲಿ ಅಂಡಮಾನ್ ಎಂದರೆ ಕರಿನೀರಿನ ಶಿಕ್ಷೆ. ಈಗ ಬೆಳಿಗ್ಗೆ ಬೆಂಗಳೂರಿನಲ್ಲಿ ತಿಂಡಿ ತಿಂದು ವಿಮಾನ ಹತ್ತಿದರೆ ಮಧ್ಯಾಹ್ನದ ಊಟ ಪೋರ್ಟ್ ಬ್ಲೇರಿನಲ್ಲಿ. (2024ರಿಂದ ಅದು ಶ್ರೀ ವಿಜಯಪುರಂ, ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರೇ ಓಡುತ್ತದೆ.)

ನೌಕರಿಯ ಕಾರಣಕ್ಕೆ ಆ ದ್ವೀಪಗಳಲ್ಲಿ ವರ್ಷಗಟ್ಟಲೆ ಇದ್ದವನು ನಾನು. ನಿಮ್ಮ ವಯಸ್ಸಿನ ಎಷ್ಟೋ ಜೋಡಿಗಳು ಬಂದು ಹೋಗಿದ್ದನ್ನು ಕಂಡಿದ್ದೇನೆ. ಹೆಚ್ಚಿನವರು ನಗುನಗುತ್ತಾ ಮರಳಿದರು. ಕೆಲವರು ಆಸ್ಪತ್ರೆ, ಪೊಲೀಸ್ ಠಾಣೆ ಅಲೆದರು. ಹಾಗೆ ಅಲೆದವರ ಕತೆ ಕೇಳುತ್ತಾ ಹೋದರೆ ಎಲ್ಲೋ ಒಂದು ಕಡೆ ಯಾರೋ ಅವರಿಗೆ ‘ಬೇಡ’ ಎಂದಿರುತ್ತಾರೆ. ಜೊತೆಗಿದ್ದ ಸ್ನೇಹಿತ ಅಂದಿರುತ್ತಾನೆ, ದೋಣಿಯವನು ಅಂದಿರುತ್ತಾನೆ, ಅರಣ್ಯ ಇಲಾಖೆಯ ಫಲಕ ಅಂದಿರುತ್ತದೆ. ಆ ಮಾತು ಇವರ ಕಿವಿಗೆ ಬಿದ್ದಿರುವುದಿಲ್ಲ. ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎನ್ನುವುದಷ್ಟೇ ನಾನು ನಿಮಗೆ ಹೇಳಬೇಕಾಗಿರುವುದು.

ನಿಮ್ಮಿಬ್ಬರಿಂದಲೇ ಶುರು ಮಾಡುತ್ತೇನೆ. ಟಿಕೆಟ್ ಮಾಡಿಸುವ ಮುಂಚೆ ಒಂದು ಸಂಜೆ ಎದುರುಬದುರು ಕೂತು ಒಪ್ಪಂದ ಮಾಡಿಕೊಳ್ಳಿ. ‘ವಾಪಸ್ ಹೋಗೋಣ’ ಎಂದು ಇಬ್ಬರಲ್ಲಿ ಯಾರು ಹೇಳಿದರೂ ಆ ಕ್ಷಣಕ್ಕೆ ತಿರುಗುವುದು. ಕಾರಣ ಕೇಳುವಂತಿಲ್ಲ. ‘ಇನ್ನೊಂದು ಹತ್ತು ನಿಮಿಷ ಕಣೋ’ ಎಂದು ಎಳೆಯುವಂತಿಲ್ಲ. ರಾತ್ರಿ ಊಟಕ್ಕೆ ಕೂತಾಗ ಚುಚ್ಚುವಂತಿಲ್ಲ. ಊರಿಗೆ ಬಂದ ಮೇಲೆ ನಾಲ್ಕು ಜನರ ಮುಂದೆ ಹೇಳಿ ನಗುವಂತಿಲ್ಲ. ಈ ಕೊನೆಯ ಷರತ್ತನ್ನು ಸಣ್ಣದೆಂದು ತಿಳಿಯಬೇಡಿ. ಮುಂದೆ ನಗೆಪಾಟಲಾಗುತ್ತೇನೆ ಎಂಬ ಭಯದಿಂದಲೇ ಎಷ್ಟೋ ಮಂದಿ ಬಾಯಿ ಬಿಡದೆ ಹೆಜ್ಜೆ ಹಾಕುತ್ತಾರೆ. ಐದಾರು ಜನರ ಗುಂಪಿನಲ್ಲಿ ಒಬ್ಬರಾದರೂ ‘ಸಾಕಪ್ಪಾ’ ಎನ್ನುತ್ತಾರೆ. ಇಬ್ಬರೇ ಇದ್ದಾಗ ಹಾಗಲ್ಲ. ಇವನ ಆಸೆ ಕೆಡಿಸಬಾರದು ಎಂದು ಅವನು, ಅವನ ಉತ್ಸಾಹಕ್ಕೆ ತಣ್ಣೀರೆರಚಬಾರದು ಎಂದು ಇವನು, ಇಬ್ಬರಿಗೂ ಬೇಡವಾದ ಕಡೆಗೆ ಇಬ್ಬರೂ ನಡೆದು ಹೋಗುತ್ತಾರೆ. ಗಾಢ ಸ್ನೇಹ ಇರುವ ಕಡೆಯೇ ಇದು ಹೆಚ್ಚು.

ಈ ಒಪ್ಪಂದ ಎಲ್ಲಿ ಪರೀಕ್ಷೆಗೆ ಬರುತ್ತದೆ ಎಂದರೆ ಸ್ಯಾಡಲ್ ಪೀಕ್ ಹತ್ತುವಾಗ. ಉತ್ತರ ಅಂಡಮಾನಿನಲ್ಲಿ ದಿಗ್ಲಿಪುರದ ಹತ್ತಿರ ಇರುವ ಈ ಶಿಖರ ಅಂಡಮಾನಿಗೆಲ್ಲ ಎತ್ತರದ್ದು, 732 ಮೀಟರ್. ಕುದುರೆಮುಖ, ಕುಮಾರಪರ್ವತ ಹತ್ತಿ ಬಂದವರಿಗೆ ಈ ಅಂಕಿ ಕೇಳಿದರೆ ತಾತ್ಸಾರ. ಆದರೆ ಅಲ್ಲಿ ಹತ್ತುವುದು ಸಮುದ್ರದ ದಂಡೆಯಿಂದ; 732 ಮೀಟರಿನಲ್ಲಿ ಒಂದು ಮೀಟರೂ ರಿಯಾಯಿತಿ ಇಲ್ಲ. ಮೊದಲು ಲಾಮಿಯಾ ಬೇ ಕಡೆಯಿಂದ ಕಲ್ಲುಕಲ್ಲು ದಂಡೆಗುಂಟ ನಡೆಯಬೇಕು, ಆಮೇಲೆ ಕಾಡಿನೊಳಗೆ ಏರು. ಮರಗಳ ಅಡಿಯಲ್ಲಿ ಗಾಳಿ ಆಡುವುದಿಲ್ಲ. ಬೆವರು ಆರುವುದೇ ಇಲ್ಲ, ಅಂಗಿ ಮೈಗೆ ಅಂಟಿಕೊಂಡೇ ಇರುತ್ತದೆ. ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ, ಒಳಗಿನ ಕಾವು ಒಳಗೇ ಉಳಿಯುತ್ತದೆ. ಆಗುಂಬೆಯ ಚಳಿಗಾಳಿಯಲ್ಲಿ ಎಂಟು ಗಂಟೆ ನಡೆದವರು ಇಲ್ಲಿ ನಾಲ್ಕು ಗಂಟೆಗೆ ಕುಸಿದು ಕೂರುತ್ತಾರೆ.

ಅಲ್ಲಿಯ ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇರೆ. ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿರುವ ಊರಿನಲ್ಲಿ ಅದೇ ಭಾರತೀಯ ಕಾಲಮಾನ ನಡೆಯುತ್ತದೆ. ಹಾಗಾಗಿ ನವೆಂಬರ್ ಕೊನೆಯ ವಾರದಲ್ಲಿ ಸಂಜೆ ಐದು ಹೊಡೆಯುವ ಮುಂಚೆಯೇ ಸೂರ್ಯ ಮುಳುಗಿರುತ್ತಾನೆ. ಭೂಮಧ್ಯರೇಖೆಗೆ ಹತ್ತಿರದ ನಾಡು, ಮುಸ್ಸಂಜೆ ಬೇಗ ಕಳೆಯುತ್ತದೆ. ದಟ್ಟ ಕಾಡಿನ ನೆಲದ ಮೇಲೆ ನಾಲ್ಕು ಗಂಟೆಗೇ ಬೆಳಕು ಮಂಕಾಗುತ್ತದೆ. ಆರಕ್ಕೆ ಕತ್ತಲು ಎಂದು ಊರಿನ ಲೆಕ್ಕ ಹಾಕಿದವರು ಒಂದು ಗಂಟೆ ಸಾಲ ಮಾಡಿದ ಹಾಗೆ, ಅದನ್ನು ಇಳಿಜಾರಿನಲ್ಲಿ ತೀರಿಸಬೇಕಾಗುತ್ತದೆ. ಆದ್ದರಿಂದ ಮುಂಜಾನೆಯೇ ಹೊರಡಿ, ಹೊರಡುವ ಮುಂಚೆಯೇ ತಿರುಗುವ ಗಂಟೆ ನಿಶ್ಚಯಿಸಿ. ಹನ್ನೊಂದು ಎಂದು ಮಾತಾದರೆ ಹನ್ನೊಂದು. ತುದಿ ಕಣ್ಣೆದುರಿಗೇ ಕಾಣುತ್ತಿರಲಿ, ತಿರುಗಿ. ಇಬ್ಬರಲ್ಲಿ ನಿಧಾನ ಇರುವವರು ಮುಂದೆ ನಡೆಯಲಿ, ಚುರುಕಿನವರು ಹಿಂದೆ ಬರಲಿ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ, ದಾರಿ ತಿಳಿದ ಸ್ಥಳೀಯರಿಲ್ಲದೆ ಏರುವುದು ಬೇಡ.

ಸ್ನೇಹಿತನ ಮುಖ ನೋಡುವುದನ್ನು ಕಲಿಯಿರಿ. ಬಾಯಿತುಂಬ ಮಾತಾಡುತ್ತಿದ್ದವನು ಹೂಂ, ಹಾಂ ಎನ್ನಲು ಶುರು ಮಾಡಿದರೆ, ಸಮತಟ್ಟಾದ ಕಡೆ ಎಡವಿದರೆ, ಸಣ್ಣದಕ್ಕೆ ಸಿಡುಕಿದರೆ ಅವನ ದೇಹ ಬೇಡ ಎನ್ನುತ್ತಿದೆ ಎಂದು ತಿಳಿಯಿರಿ. ಅವನು ಬಾಯಿಬಿಟ್ಟು ಹೇಳುವವರೆಗೆ ಕಾಯಬೇಡಿ. ನೆರಳಿನಲ್ಲಿ ಕೂರಿಸಿ, ಓಆರ್‌ಎಸ್ ಬೆರೆಸಿದ ನೀರು ಗುಟುಕು ಗುಟುಕಾಗಿ ಕುಡಿಸಿ, ತಲೆ ಕುತ್ತಿಗೆಗೆ ಒದ್ದೆ ಬಟ್ಟೆ ಹಾಕಿ. ಆಮೇಲೆ ಇಳಿಯುವುದೇ. ದಾರಿ ತಪ್ಪಿದರೆ ಇದ್ದಲ್ಲೇ ಕೂತುಬಿಡಿ, ಸೀಟಿ ಊದಿ. ಒಬ್ಬನನ್ನು ಬಿಟ್ಟು ಇನ್ನೊಬ್ಬ ದಾರಿ ಹುಡುಕಲು ಹೋಗುವುದು ಮಾತ್ರ ಎಂದಿಗೂ ಬೇಡ.

ಇನ್ನು ಕಡಲು. ಕೆರೆ, ಬಾವಿ, ಹೊಳೆಯಲ್ಲಿ ಈಜು ಕಲಿತವರಿಗೆ ಸಮುದ್ರದ ಈಜು ಬಂದೇಬಿಟ್ಟಿತು ಎಂಬ ಧೈರ್ಯ ಬೇಡ. ಗೋಕರ್ಣ, ಮುರ್ಡೇಶ್ವರದಲ್ಲಿ ಮುಳುಗುವವರಲ್ಲಿ ಒಳನಾಡಿನ ಮಕ್ಕಳೇ ಹೆಚ್ಚೆಂಬುದು ನಿಮಗೂ ಗೊತ್ತು. ನೀರಿಗಿಳಿಯುವ ಮುಂಚೆ ದಂಡೆಯ ಎತ್ತರದ ಜಾಗದಲ್ಲಿ ನಿಂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿ. ಕೆಲವೊಮ್ಮೆ ಎರಡೂ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ, ತುಸು ಕದಡಿದ ಬಣ್ಣದಲ್ಲಿ ಕಾಣುತ್ತದೆ. ಹೊಸಬರು ಅಲೆ ಇಲ್ಲವೆಂದು ಅಲ್ಲಿಯೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ಸಮುದ್ರಕ್ಕೆ ವಾಪಸ್ ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸೋಲಬೇಡಿ. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಸ್ನೇಹಿತ ಸಿಕ್ಕಿಕೊಂಡರೆ ನೀವೂ ಹಾರಬೇಡಿ. ಕೂಗಿ ಜನರನ್ನು ಸೇರಿಸಿ, ತೇಲುವ ಯಾವುದನ್ನಾದರೂ ಅವನತ್ತ ಎಸೆಯಿರಿ. ಕುಡಿದು ನೀರಿಗೆ ಇಳಿಯುವ ವಿಷಯದಲ್ಲಿ ನನ್ನ ಹತ್ತಿರ ಎರಡನೆಯ ಮಾತೇ ಇಲ್ಲ.

ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆ ಇದೆ ಎಂದರೆ ಬಹಳ ಮಂದಿ ನಂಬುವುದಿಲ್ಲ. ಕಾಂಡ್ಲಾ ಕಾಡಿನ ಕೋಡಿಗಳಲ್ಲಿ ಅವುಗಳ ವಾಸ, ಅಲ್ಲಿಂದ ಸಮುದ್ರಕ್ಕೂ ಬರುತ್ತವೆ. 2010ರಲ್ಲಿ ಹ್ಯಾವ್ಲಾಕ್ ದ್ವೀಪದ ರಾಧಾನಗರ ಕಡಲತೀರದ ಬಳಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಯುವತಿಯನ್ನು ಮೊಸಳೆ ಎಳೆದೊಯ್ದಿತು. ಜೊತೆಗಿದ್ದ ಗೆಳೆಯ ಕಣ್ಣಾರೆ ನೋಡಿದ. ಮೊಸಳೆ ಇದೆ ಎಂಬ ಫಲಕ ಕಂಡರೆ ಅಲ್ಲಿ ಫೋಟೊ ತೆಗೆದುಕೊಂಡು ಆಮೇಲೆ ನೀರಿಗಿಳಿಯುವವರನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಹಾಗೆ ಮಾಡಬೇಡಿ.

ನೆಲ ನಡುಗಿದರೆ ಏನು ಮಾಡಬೇಕು ಎಂದು ತಿಳಿಯದೆ ಆ ದ್ವೀಪಗಳಿಗೆ ಕಾಲಿಡಬೇಡಿ. 2004ರ ಡಿಸೆಂಬರ್ 26ರಂದು ಬೆಳಿಗ್ಗೆ ಆರೂವರೆಗೆ ಸುಮಾತ್ರಾದ ಪಕ್ಕದಲ್ಲಿ ಭೂಮಿ ಬಿರಿಯಿತು. ಗ್ರೇಟ್ ನಿಕೋಬಾರಿನ ತುದಿಯ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ಅಲ್ಲಿಯ ದೀಪಸ್ತಂಭದ ಬುಡ ನೀರಲ್ಲಿ ನಿಂತಿತು. ಉತ್ತರ ಅಂಡಮಾನಿನಲ್ಲಿ ನೆಲ ಮೇಲಕ್ಕೆದ್ದು ಹವಳದ ದಿಬ್ಬಗಳು ಬಯಲಾದವು. ಆ ಕಂಪನದ ಕೇಂದ್ರಕ್ಕೆ ಬಹಳ ಹತ್ತಿರದಲ್ಲಿದ್ದ ದ್ವೀಪ ಇಂಡೊನೇಷ್ಯದ ಸಿಮಲೂ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಇದ್ದ ಅಲ್ಲಿ ಸುನಾಮಿಯಿಂದ ಸತ್ತವರು ಏಳೇ ಮಂದಿ ಎಂದು ದಾಖಲಾಗಿದೆ. ಅಲ್ಲಿ 1907ರಲ್ಲಿ ಇಂಥದೇ ಅಲೆ ಬಂದು ಊರಿಗೆ ಊರೇ ಕೊಚ್ಚಿಹೋಗಿತ್ತು. ಉಳಿದವರು ಮಕ್ಕಳಿಗೆ, ಅವರು ಮೊಮ್ಮಕ್ಕಳಿಗೆ ಕತೆಯಾಗಿ, ಜೋಗುಳವಾಗಿ ಹೇಳುತ್ತಾ ಬಂದರು: ನೆಲ ಜೋರಾಗಿ ನಡುಗಿ, ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು. ಸುಮಾರು ನೂರು ವರ್ಷದ ಮೇಲೆ ಆ ಮಾತು ಒಂದು ದ್ವೀಪವನ್ನು ಉಳಿಸಿತು. ಲಿಟಲ್ ಅಂಡಮಾನಿನ ಓಂಗೆ ಆದಿವಾಸಿಗಳೂ ಕಡಲು ಸರಿದದ್ದು ಕಂಡು ಕಾಡಿನ ಎತ್ತರಕ್ಕೆ ಹೋಗಿ ಬದುಕಿದರು. ಹೈದರಾಬಾದಿನಲ್ಲಿ ಈಗ ಸುನಾಮಿ ಎಚ್ಚರಿಕೆ ಕೇಂದ್ರವಿದೆ, ಸರಿ. ಆದರೆ ದ್ವೀಪಗಳಿಗೆ ಅಲೆ ಬರಲು ಕೆಲವೇ ನಿಮಿಷ ಸಾಕು. ನಿಲ್ಲಲಾರದಷ್ಟು ಜೋರಾಗಿ, ಬಹಳ ಹೊತ್ತು ನೆಲ ನಡುಗಿತೇ, ಸೈರನ್, ಮೆಸೇಜು ಎಂದು ಕಾಯದೆ ಚೀಲ ಬಿಟ್ಟು ಎತ್ತರಕ್ಕೆ ಓಡಿ. ಮೊದಲ ಅಲೆ ಇಳಿದ ಮೇಲೆ ಸಾಮಾನು ತರಲು ಕೆಳಗೆ ಹೋಗಬೇಡಿ, ಅದರ ಹಿಂದೆ ಇನ್ನೂ ಅಲೆಗಳಿರುತ್ತವೆ. ಪ್ರತಿ ಊರಿನಲ್ಲೂ ರಾತ್ರಿ ಮಲಗುವ ಮುಂಚೆ ಇಬ್ಬರೂ ಹೋಗಿ ಗುಡ್ಡದ ದಾರಿ ನೋಡಿಟ್ಟುಕೊಳ್ಳಿ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯ. ಪೋರ್ಟ್ ಬ್ಲೇರಿನಿಂದ ಬಾರಾಟಾಂಗ್, ರಂಗತ್, ಮಾಯಾಬಂದರ್ ಕಡೆಗೆ ಅಂಡಮಾನ್ ಟ್ರಂಕ್ ರಸ್ತೆ ಹೋಗುತ್ತದೆ. ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿದ ಮೇಲೆ ಸುಮಾರು 50 ಕಿಲೋಮೀಟರ್ ದಾರಿ ಜರವಾ ಎಂಬ ಆದಿವಾಸಿ ಜನರ ಕಾಡಿನೊಳಗೆ. ಗೊತ್ತುಮಾಡಿದ ಹೊತ್ತಿಗೆ, ಪೊಲೀಸ್ ಬೆಂಗಾವಲಿನಲ್ಲಿ, ವಾಹನಗಳು ಸಾಲಾಗಿ ಹೋಗಬೇಕು. ನಿಲ್ಲಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ, ಬಿಸ್ಕತ್ತು, ಬಾಳೆಹಣ್ಣು ಏನನ್ನೂ ಕೊಡುವಂತಿಲ್ಲ. ಜೈಲು ಶಿಕ್ಷೆ ಇದೆ. ಶಿಕ್ಷೆಯ ಹೆದರಿಕೆಯಿಂದ ನೀವು ಸುಮ್ಮನಿರುವುದು ನನಗೆ ಸಾಲದು, ಕಾರಣ ತಿಳಿದು ಸುಮ್ಮನಿರಬೇಕು.

1858ರಲ್ಲಿ ಬ್ರಿಟಿಷರು ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ವಸಾಹತು ಮಾಡಿದಾಗ ಗ್ರೇಟ್ ಅಂಡಮಾನಿ ಎಂಬ ಆದಿವಾಸಿ ಜನ ಸಾವಿರಗಟ್ಟಲೆ ಇದ್ದರು. ಸಿಫಿಲಿಸ್ ಬಂತು, 1877ರಲ್ಲಿ ದಡಾರ ಬಂತು. ನಮ್ಮ ಮನೆಯ ಮಗುವಿಗೆ ಒಂದು ವಾರ ಜ್ವರ ಬಂದು ಹೋಗುವ ಕಾಯಿಲೆ, ಅದನ್ನು ಎಂದೂ ಕಾಣದ ಮೈಗಳಲ್ಲಿ ಹಾಡಿಗೆ ಹಾಡಿಯನ್ನೇ ಬರಿದು ಮಾಡಿತು. ಈಗ ಅವರು ಐವತ್ತರ ಆಸುಪಾಸು. 2010ರ ಜನವರಿಯಲ್ಲಿ ಬೋವಾ ಸೀನಿಯರ್ ಎಂಬ ವೃದ್ಧೆ ತೀರಿಕೊಂಡಾಗ ಬೋ ಎಂಬ ಭಾಷೆ ಬಲ್ಲ ಇನ್ನೊಂದು ಜೀವ ಭೂಮಿಯ ಮೇಲೆ ಇರಲಿಲ್ಲ. ಕೊನೆಯ ವರ್ಷಗಳಲ್ಲಿ ಆಕೆಗೆ ತನ್ನ ಭಾಷೆಯಲ್ಲಿ ಮಾತಾಡಲು ಜೊತೆಯೇ ಇರಲಿಲ್ಲ ಎಂಬುದನ್ನು ನೀವಿಬ್ಬರೂ ಬಸ್ಸಿನಲ್ಲಿ ಕನ್ನಡದಲ್ಲಿ ಹರಟುವಾಗ ಒಮ್ಮೆ ನೆನೆಯಿರಿ. ಜರವಾ ಜನ ಬಿಲ್ಲುಬಾಣ ಹಿಡಿದು ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರನ್ನು ತಡೆದಿದ್ದರಿಂದಲೇ ಉಳಿದರು. 1996ರಲ್ಲಿ ಕಾಲು ಮುರಿದ ಒಬ್ಬ ಜರವಾ ಹುಡುಗನಿಗೆ ಪೋರ್ಟ್ ಬ್ಲೇರಿನ ಆಸ್ಪತ್ರೆಯಲ್ಲಿ ಚಿಕಿತ್ಸೆಯಾಯಿತು. ಮರುವರ್ಷದಿಂದ ಅವರು ಕಾಡಿನಿಂದ ಹೊರಗೆ ಬರತೊಡಗಿದರು. 1999ರಲ್ಲೇ ಅವರಲ್ಲಿ ದಡಾರ ಕಾಣಿಸಿಕೊಂಡಿತು. ಬಸ್ಸಿನ ಕಿಟಕಿಯಿಂದ ನೀವು ಪ್ರೀತಿಯಿಂದಲೇ ಎಸೆದ ಒಂದು ಬಾಳೆಹಣ್ಣಿನ ಹಿಂದೆ ಈ ಚರಿತ್ರೆ ಎಲ್ಲ ಇದೆ. ರಸ್ತೆಯ ಪಕ್ಕ ಅವರು ಕಂಡರೆ ಮೊಬೈಲು ಜೇಬಿನಲ್ಲೇ ಇರಲಿ. ಬಾರಾಟಾಂಗಿಗೆ ಸಮುದ್ರದ ದಾರಿಯಿಂದ ಹೋಗುವ ಅನುಕೂಲ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ.

ನಾರ್ತ್ ಸೆಂಟಿನೆಲ್ ದ್ವೀಪದವರ ‘ಬೇಡ’ ಅಂತೂ ಇನ್ನೂ ಸ್ಪಷ್ಟ. ಸುನಾಮಿ ಆದ ಮೇಲೆ ಬದುಕಿದ್ದಾರೋ ಎಂದು ನೋಡಲು ಹೋದ ಹೆಲಿಕಾಪ್ಟರಿಗೇ ಬಾಣ ಹೂಡಿದರು. ಆ ದ್ವೀಪದ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಯಾರೂ ಹೋಗಕೂಡದು. 2018ರ ನವೆಂಬರಿನಲ್ಲಿ ಅಮೆರಿಕದ ಜಾನ್ ಅಲೆನ್ ಚೌ ಎಂಬ ಯುವಕ ಮೀನುಗಾರರಿಗೆ ದುಡ್ಡು ಕೊಟ್ಟು ಹೋದ, ಕೊಲ್ಲಲ್ಪಟ್ಟ. ಕರೆದೊಯ್ದ ಬಡ ಮೀನುಗಾರರು ಬಂಧನಕ್ಕೊಳಗಾದರು. ಅಷ್ಟಾದ ಮೇಲೂ 2025ರಲ್ಲಿ ಅದೇ ದೇಶದ ಇನ್ನೊಬ್ಬ ಯುವಕ ಅಲ್ಲಿ ಇಳಿದು, ಒಂದು ತೆಂಗಿನಕಾಯಿ, ಒಂದು ಕ್ಯಾನ್ ಕೋಲಾ ಇಟ್ಟು ಬಂದು ಸೆರೆಯಾದ.

ಆ ಮೀನುಗಾರರ ವಿಷಯ ಬಂದದ್ದರಿಂದ ಹೇಳುತ್ತೇನೆ. ನಿಮಗೆ ಡುಂಗಿ ಎಂಬ ಸಣ್ಣ ದೋಣಿ ಬಾಡಿಗೆಗೆ ಕೊಡುವವರು, ಕಾಡಿನಲ್ಲಿ ದಾರಿ ತೋರಿಸುವವರು ಬಹುತೇಕ ದೂರದಿಂದ ಬಂದು ನೆಲೆಸಿದವರ ಮಕ್ಕಳು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರು, ಮರ ಕಡಿಯಲು ಛೋಟಾನಾಗಪುರದಿಂದ ಕರೆತಂದ, ಅಲ್ಲಿ ‘ರಾಂಚಿ’ ಎಂದೇ ಕರೆಯುವ ಜನ, 1925ರಲ್ಲಿ ಬರ್ಮಾದಿಂದ ಬಂದು ಮಾಯಾಬಂದರಿನ ಸುತ್ತ ಊರು ಕಟ್ಟಿದ ಕರೆನ್ ಜನ. ಯಾವ ಮೋಡಕ್ಕೆ ಯಾವ ಗಾಳಿ, ಯಾವ ಕೋಡಿಯಲ್ಲಿ ಇಳಿತಕ್ಕೆ ದೋಣಿ ಸಿಕ್ಕಿಬೀಳುತ್ತದೆ ಎಂಬುದು ಅವರಿಗೆ ಗೊತ್ತು. ಅಂಥವನು ಆಕಾಶ ನೋಡಿ ‘ಆಜ್ ನಹೀ’ ಎಂದರೆ ಐನೂರು ಹೆಚ್ಚು ಕೊಡುತ್ತೇನೆ ಬಾ ಎನ್ನಬೇಡಿ. ಅವನ ಮನೆಯಲ್ಲೂ ಮಕ್ಕಳ ಫೀಜು ಬಾಕಿ ಇರುತ್ತದೆ, ಬಂದುಬಿಡುತ್ತಾನೆ. ಮೂವರ ಜೀವಕ್ಕೆ ಆ ಐನೂರು ಬೆಲೆ ಕಟ್ಟಿದಂತಾಗುತ್ತದೆ. ಅದರ ಬದಲು ಅವನ ಪಕ್ಕ ಕೂತು ಚಹಾ ಕುಡಿಯಿರಿ, ಆ ದಿನ ಅವನು ಹೇಳುವ ಕಡಲಿನ ಸುದ್ದಿಯನ್ನು ಯಾವ ಪುಸ್ತಕವೂ ನಿಮಗೆ ಹೇಳುವುದಿಲ್ಲ.

ಉಳಿದದ್ದೆಲ್ಲ ಸಣ್ಣ ವಿಷಯ. ಚೀಲ ಹಗುರ ಇರಲಿ. ದುಡ್ಡನ್ನು ಒಬ್ಬರ ಹತ್ತಿರವೇ ಇಡದೆ ಇಬ್ಬರೂ ಹಂಚಿಕೊಳ್ಳಿ, ಉತ್ತರದ ಊರುಗಳಲ್ಲಿ ನಗದೇ ಆಧಾರ. ಒಬ್ಬರ ಮನೆಯ ನಂಬರು, ರಕ್ತದ ಗುಂಪು, ಒಗ್ಗದ ಔಷಧಿ ಇನ್ನೊಬ್ಬರಿಗೆ ಬಾಯಿಪಾಠ ಇರಲಿ. ಸತ್ತ ಹವಳ, ಚಿಪ್ಪು ಎಂದು ದಂಡೆಯಲ್ಲಿ ಆರಿಸಿ ಚೀಲಕ್ಕೆ ಹಾಕಬೇಡಿ, ಕಾನೂನು ಒಪ್ಪುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಸಂಜೆಯ ಹೊತ್ತು ದಂಡೆಯ ಮರಳುನೊಣ ಕಚ್ಚಿದರೆ ಕೆರೆಯಬೇಡಿ, ಕೆರೆದ ಗಾಯ ಆ ಹವೆಯಲ್ಲಿ ಬೇಗ ಕೀವಾಗುತ್ತದೆ. ಊರಿಗೆ ಮರಳುವ ವಿಮಾನದ ಮುಂಚೆ ಒಂದೆರಡು ದಿನ ಖಾಲಿ ಬಿಟ್ಟುಕೊಂಡು ಪೋರ್ಟ್ ಬ್ಲೇರಿಗೆ ಬಂದಿರಿ. 2016ರ ಡಿಸೆಂಬರಿನಲ್ಲಿ ಚಂಡಮಾರುತ ಎದ್ದು ಹಡಗು ನಿಂತಾಗ ಹ್ಯಾವ್ಲಾಕ್, ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಕೊನೆಗೆ ನೌಕಾಪಡೆ ಬಂದು ಬಿಡಿಸಬೇಕಾಯಿತು.

ಊರು ಸೇರಿದ ಮೇಲಿನ ಒಂದು ಮಾತು ಬಾಕಿ ಇದೆ. ಆ ಕಾಡಿನ ಕೆಸರಲ್ಲಿ, ನಿಂತ ನೀರಲ್ಲಿ ಇಲಿಜ್ವರದ ರೋಗಾಣು ಇರುತ್ತದೆ. ಕಾಲಿನ ಸಣ್ಣ ಗೀರಿನಿಂದಲೂ ಒಳಗೆ ಸೇರುತ್ತದೆ. ಅಂಡಮಾನಿನಲ್ಲಿ ಅದು ಹಳೆಯ ಕಾಟ. ಮಲೇರಿಯಾವೂ ಅಲ್ಲಿದೆ. ಕಚೇರಿ, ಕಾಲೇಜು ಎಂದು ನೀವು ಪ್ರವಾಸವನ್ನೇ ಮರೆತಿರುವ ಹೊತ್ತಿಗೆ ಇವೆರಡೂ ಏಳಬಲ್ಲವು. ವಾರಗಳು ಕಳೆದು ಮೈಸುಡುವ ಜ್ವರ ಬಂದರೆ, ಮೀನಖಂಡ ಹಿಂಡಿದಂತೆ ನೋವಾದರೆ, ಕಣ್ಣು ಕೆಂಪಾದರೆ, ಮಾತ್ರೆ ನುಂಗಿ ಮಲಗಬೇಡಿ. ಡಾಕ್ಟರ ಹತ್ತಿರ ಹೋಗಿ, ಇಂಥ ತಿಂಗಳು ಅಂಡಮಾನಿನ ಕಾಡಿನಲ್ಲಿ ಕೆಸರು ತುಳಿದು ಬಂದಿದ್ದೇನೆ ಎಂದು ಅವರು ಕೇಳುವ ಮುಂಚೆಯೇ ಹೇಳಿ. ಆಮೇಲೆ ಸ್ನೇಹಿತನಿಗೆ ಫೋನ್ ಮಾಡಿ, ನಿನ್ನ ಮೈ ಹೇಗಿದೆ ಎಂದು ಕೇಳಿ. ಇಬ್ಬರೂ ತುಳಿದದ್ದು ಒಂದೇ ಕೆಸರು. ಅವನು ಏನಿಲ್ಲ, ಸ್ವಲ್ಪ ಜ್ವರ ಅಷ್ಟೇ ಎಂದರೆ ಗದರಿಸಿಯಾದರೂ ಅದೇ ದಿನ ರಕ್ತ ಪರೀಕ್ಷೆಗೆ ಕಳಿಸಿ.